ಔಷಧದ ಚೀಟಿಯಲ್ಲಿ ಹಿಡಿಸದ ಮಾತು

ವಿಜಯಪುರದಿಂದ ಪಡುವಣಕ್ಕೆ ತಿಕೋಟಾ ಹಾದಿ ಹಿಡಿದು ಹೊರಟರೆ, ಪಟ್ಟಣ ಮುಗಿಯುತ್ತಿದ್ದಂತೆ ತೊರವಿ ಸಿಗುತ್ತದೆ. ನರಸಿಂಹನ ಗುಡಿಯ ತೊರವಿ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವಿ. ಈಗ ಅಲ್ಲಿ ಮಹಿಳೆಯರ ವಿಶ್ವವಿದ್ಯಾಲಯವಿದೆ. ೨೦೦೩ರಲ್ಲಿ ಸ್ಥಾಪನೆಯಾದ ಆ ವಿದ್ಯಾಪೀಠಕ್ಕೆ ೨೦೧೭ರಲ್ಲಿ ಅಕ್ಕಮಹಾದೇವಿಯ ಹೆಸರನ್ನಿಟ್ಟರು. ಬಸ್ಸು ಅಲ್ಲಿ ನಿಂತಾಗ ಹತ್ತಿ ಇಳಿಯುವ ಹೆಣ್ಣುಮಕ್ಕಳ ಕೈಯಲ್ಲಿ ಯಾವ ಪುಸ್ತಕವಿದೆಯೆಂದು ಓರೆಗಣ್ಣಿನಿಂದ ನೋಡುವುದು ನನ್ನ ಚಾಳಿ; ಮೂವತ್ತೈದು ವರ್ಷಗಳ ಶಿಕ್ಷಕವೃತ್ತಿ ಅಂಟಿಸಿಹೋದ ಚಾಳಿ. ಹೀಗೆ ಒಮ್ಮೆ ನೋಡುತ್ತಿರುವಾಗ ಒಬ್ಬಳ ಮಡಿಲಲ್ಲಿ ‘ತಾಯಿ–ಮಗು’ ಕಂಡಿತು. ಬರೆದವರು ತೀರಿಹೋಗಿ ಮೂರು ದಶಕಗಳು ಮೀರಿವೆ. ಹುಡುಗಿ ಬೆರಳನ್ನು ಪುಟದ ನಡುವೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಆಕೆಯನ್ನು ಮಾತನಾಡಿಸಬೇಕೆನಿಸಿತು, ಮಾತನಾಡಿಸಲಿಲ್ಲ. ಆ ಪುಸ್ತಕವನ್ನು ಓದುತ್ತಿರುವಾಗ ಯಾರೂ ಮಾತನಾಡಿಸಬಾರದೆಂದು ನಾನು ನನ್ನ ಅನುಭವದಿಂದಲೇ ಬಲ್ಲೆ.

ಡಾಕ್ಟರ್ ಅನುಪಮಾ ನಿರಂಜನ ಅವರನ್ನು ನಾನು ಕಣ್ಣಾರೆ ಕಂಡವಳಲ್ಲ. ಅವರನ್ನು ಕಂಡವರು, ಅವರ ಕೈಯಿಂದ ಔಷಧ ಪಡೆದವರು ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಅನೇಕರಿರಬಹುದು. ನಾನು ಅವರ ಓದುಗಳು ಮಾತ್ರ. ಆದರೆ ಕನ್ನಡದಲ್ಲಿ ನಾನು ಋಣಿಯಾಗಿರುವ ಲೇಖಕರ ಲೆಕ್ಕ ತೆಗೆದರೆ ಮಹಾಕವಿಗಳಿಗಿಂತ ಮೊದಲು ಅವರ ಹೆಸರು ಬರುತ್ತದೆ. ಈ ಮಾತನ್ನು ಸಾಹಿತ್ಯಗೋಷ್ಠಿಯೊಂದರಲ್ಲಿ ಆಡಿ ನಗೆಗೆ ಗುರಿಯಾದದ್ದೂ ಉಂಟು. ಆರೋಗ್ಯದ ಪುಸ್ತಕ ಸಾಹಿತ್ಯವೇ ಎಂಬುದು ಅವರ ಆಕ್ಷೇಪ. ಆ ಆಕ್ಷೇಪಕ್ಕೆ ಅಂದು ತೋಚದ ಉತ್ತರವನ್ನು ಇಂದು ಬರೆಯಹೊರಟಿದ್ದೇನೆ.

ಅನುಪಮಾ ಅವರು ಹುಟ್ಟಿದ್ದು ೧೯೩೪ರ ಮೇ ೧೭ರಂದು, ಮಲೆನಾಡಿನ ತೀರ್ಥಹಳ್ಳಿಯಲ್ಲಿ. ಮನೆಯವರಿಟ್ಟ ಹೆಸರು ವೆಂಕಟಲಕ್ಷ್ಮಿ. ವೈದ್ಯಶಿಕ್ಷಣವಾದದ್ದು ಮೈಸೂರಿನಲ್ಲಿ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದು ನೆಲೆಸಿತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ರೋಗಿ ಬಾಯಿ ಬಿಡುವುದು ಕನ್ನಡದಲ್ಲಿ. ನಡುವೆ ನಿಂತ ವೈದ್ಯರಲ್ಲಿ ಬಹುಮಂದಿ ರೋಗಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು, ಚಿಕಿತ್ಸೆಯನ್ನು ಇಂಗ್ಲಿಷಿನಲ್ಲಿಯೇ ಯೋಚಿಸಿ, ಕೊನೆಗೆ ಚೀಟಿಯೊಂದನ್ನು ಕೈಗಿಡುವರು. ಅದೇನೂ ತಪ್ಪಲ್ಲ, ಔಷಧ ತನ್ನ ಕೆಲಸ ತಾನು ಮಾಡುತ್ತದೆ. ಆದರೆ ಔಷಧದ ಚೀಟಿಯಲ್ಲಿ ಹಿಡಿಸದ ಮಾತುಗಳಿರುತ್ತವೆ. ತನ್ನ ಮೈಯೊಳಗೆ ಏನು ನಡೆಯುತ್ತಿದೆ, ಅದು ಪಾಪವೋ ರೋಗವೋ ಸಹಜಧರ್ಮವೋ ಎಂದು ತಿಳಿಯದೆ ತವಕಿಸುವ ಹೆಂಗಸಿಗೆ ಬೇಕಾದುದು ಮೊದಲು ಆ ಮಾತು. ವೆಂಕಟಲಕ್ಷ್ಮಿ ಎಂಬ ವೈದ್ಯೆ ಅನುಪಮಾ ಎಂಬ ಲೇಖಕಿಯಾದುದರ ಗುಟ್ಟು ಇಲ್ಲಿದೆಯೆಂದು ನನ್ನ ಭಾವನೆ.

೧೯೫೬ರಲ್ಲಿ ಅವರು ನಿರಂಜನರ ಕೈಹಿಡಿದರು. ಕುಳಕುಂದ ಶಿವರಾಯರೆಂಬ ಈ ನಿರಂಜನರು ಅಷ್ಟು ಹೊತ್ತಿಗೆ ನಾಡಿಗೆ ಬೇಕಾದ ಲೇಖಕರು, ಪ್ರಗತಿಶೀಲ ಪಂಥದವರು, ಕಯ್ಯೂರಿನ ರೈತವೀರರ ಕಥೆಯಾದ ‘ಚಿರಸ್ಮರಣೆ’ ಹಿಂದಿನ ವರ್ಷ ತಾನೇ ಹೊರಬಂದಿತ್ತು. ಅದೇ ೧೯೫೬ರ ನವೆಂಬರ್ ಒಂದರಂದು ಹರಿದು ಹಂಚಿದ್ದ ಕನ್ನಡನಾಡು ಒಂದಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯೂ ಧಾರವಾಡವೂ ಮೈಸೂರಿನೊಡನೆ ಕೂಡಿದವು. ಹಳೆಯ ಮೈಸೂರಿನಲ್ಲಿ ಕಲಿತ ಈ ವೈದ್ಯೆ ಧಾರವಾಡದಲ್ಲಿ ಮನೆ ಮಾಡಿದರು. ಹಿರಿಯ ಮಗಳು ತೇಜಸ್ವಿನಿ ೧೯೫೮ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅಲ್ಲಿ ವೈದ್ಯವೃತ್ತಿ ನಡೆಸಿ ಮುಂದೆ ಬೆಂಗಳೂರಿಗೆ ಹೋದರು. ಧಾರವಾಡದ ದವಾಖಾನೆಯೆಂದಮೇಲೆ ನಮ್ಮ ಕಡೆಯ ಮಾತು ಅವರ ಕಿವಿಗೆ ಬಿದ್ದಿರಲೇಬೇಕು. ಮೈನೆರೆದದ್ದಕ್ಕೂ ಹೊರಗಾದದ್ದಕ್ಕೂ ಬಸಿರಿಗೂ ಬಾಣಂತನಕ್ಕೂ ಮೈಸೂರಿನವರೊಂದು ಮಾತು ಬಳಸಿದರೆ ನಾವೊಂದು ಬಳಸುತ್ತೇವೆ. ಅವರ ಆರೋಗ್ಯಗ್ರಂಥಗಳ ಭಾಷೆ ಎರಡು ಸೀಮೆಯವರಿಗೂ ಒಗ್ಗುವಂತಿರುವುದನ್ನು ಕಂಡಾಗಲೆಲ್ಲ, ಧಾರವಾಡದ ಆ ವರ್ಷಗಳು ವ್ಯರ್ಥವಾಗಲಿಲ್ಲವೆಂದುಕೊಳ್ಳುತ್ತೇನೆ.

ಇನ್ನು ಅವರ ಗ್ರಂಥಗಳನ್ನು ಮೊದಲಬಾರಿ ಓದಿದ ಸಂದರ್ಭವನ್ನು ಹೇಳದೆ ಗತ್ಯಂತರವಿಲ್ಲ.

ನಾವು ತಿಕೋಟಾದವರು. ೧೯೬೭ರಲ್ಲಿ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಗ ನನಗೆ ಹತ್ತು ವರ್ಷ. ಸೂಲಗಿತ್ತಿ ಬಂದಳು, ಹೆಣ್ಣು ಕೂಸು ಹುಟ್ಟಿತು, ಓಣಿಗೆಲ್ಲ ಬೆಲ್ಲ ಹಂಚಿದೆವು. ನಾಲ್ಕನೆಯ ದಿನ ಅಕ್ಕನಿಗೆ ಜ್ವರ ಬಂತು. ಐದನೆಯ ದಿನ ಬಡಬಡಿಸತೊಡಗಿದಳು. ಬಾಣಂತಿ ಸನ್ನಿಯೆಂದರು, ಸಂಜೆಯ ಹೊತ್ತು ಅಂಗಳಕ್ಕೆ ಬಂದಾಗ ಏನೋ ಸೋಂಕಿತೆಂದರು. ಬಾಯಾರಿಕೆಯೆಂದು ಆಕೆ ಅಂಗಲಾಚಿದರೂ ಬಾಣಂತಿಗೆ ನೀರು ಹೆಚ್ಚು ಕುಡಿಸಬಾರದೆಂದು ಆಯಿ ಕೊಡಗೊಡಲಿಲ್ಲ. ಆಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆಕೆ ತನ್ನ ಅವ್ವನಿಂದ ಕಲಿತದ್ದನ್ನು ಮಾಡಿದಳು. ವಿಜಯಪುರ ಒಂದು ತಾಸಿನ ಹಾದಿ. ಒಂಬತ್ತನೆಯ ದಿನ ಗಾಡಿ ಹೂಡಬೇಕೆಂದು ಅಪ್ಪ ನಿಶ್ಚಯಿಸುವ ಹೊತ್ತಿಗೆ ಗಾಡಿಯ ಅವಶ್ಯಕತೆ ಉಳಿದಿರಲಿಲ್ಲ. ಆ ಬಳಿಕ ಬಹುಕಾಲ ನಾನು ಸಂಜೆಯ ಅಂಗಳಕ್ಕೆ ಹೆದರುತ್ತಿದ್ದೆ.

ಹನ್ನೊಂದು ವರ್ಷಗಳ ತರುವಾಯ, ವಿಜಯಪುರದಲ್ಲಿ ಕಾಲೇಜು ಕಲಿಯುತ್ತಿದ್ದಾಗ, ವಾಚನಾಲಯದ ಮೂಲೆಯೊಂದರಲ್ಲಿ ‘ತಾಯಿ–ಮಗು’ವನ್ನು ಓದಿದೆ. ಬಸಿರು, ಹೆರಿಗೆ, ಬಾಣಂತನ, ಕೂಸಿನ ಪೋಷಣೆ ಇಷ್ಟನ್ನೂ ಒಬ್ಬ ವೈದ್ಯೆ ಕನ್ನಡದಲ್ಲಿ ಸಂಕೋಚವಿಲ್ಲದೆ, ಸಂಭ್ರಮವೂ ಇಲ್ಲದೆ ಹೇಳಿದ್ದರು. ಓದುತ್ತ ಹೋದಂತೆ ಅಕ್ಕನ ಒಂಬತ್ತು ದಿನಗಳು ಒಂದೊಂದಾಗಿ ನನ್ನೆದುರು ಬಂದು ನಿಂತವು. ಆಕೆಯನ್ನು ಸೋಂಕಿದ್ದು ಸಂಜೆಯ ಗಾಳಿಯಲ್ಲ, ತೊಳೆಯದ ಕೈ. ಹೆರಿಗೆಯ ಹಸಿಗಾಯದ ಮೂಲಕ ನಂಜು ರಕ್ತಕ್ಕೇರಿದರೆ ಜ್ವರ, ಜ್ವರ ಏರಿದರೆ ಬಡಬಡಿಕೆ, ಅಷ್ಟೇ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ೧೮೪೭ರಲ್ಲಿಯೇ ಇದನ್ನು ಕಂಡುಕೊಂಡಿದ್ದ. ವೈದ್ಯರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದು ಬಾಣಂತಿಯನ್ನು ಮುಟ್ಟಬೇಕೆಂದು ಆತ ಕಟ್ಟುಮಾಡಿದಾಗ, ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ೨ರ ಆಸುಪಾಸಿಗೆ ಇಳಿಯಿತು. ಆ ತಿಳಿವಳಿಕೆ ವಿಯೆನ್ನಾದಿಂದ ಹೊರಟು ನೂರಿಪ್ಪತ್ತು ವರ್ಷವಾದರೂ ತಿಕೋಟಾದ ನಮ್ಮ ಕೋಣೆಗೆ ತಲುಪಿರಲಿಲ್ಲ. ಪೆನಿಸಿಲಿನ್ ವಿಜಯಪುರದವರೆಗೆ ಬಂದಿತ್ತು; ಮಾತು ಬಂದಿರಲಿಲ್ಲ. ಅಂದು ವಾಚನಾಲಯದಲ್ಲಿ ನಾನು ಅತ್ತೆನೆಂದು ಹೇಳಿದರೆ ಅರ್ಧ ಮಾತ್ರ ನಿಜ. ದುಃಖದೊಡನೆ ಒಂದು ಬಗೆಯ ಬಿಡುಗಡೆಯೂ ಇತ್ತು. ಅಂಗಳದ ಭಯ ಅಂದಿಗೆ ಹೋಯಿತು.

ಇಂಥ ಗ್ರಂಥಗಳನ್ನು ಬರೆದವರಲ್ಲಿ ಅನುಪಮಾ ಮೊದಲಿಗರಲ್ಲ. ‘ಕೊರವಂಜಿ’ಯ ರಾಶಿ, ಎಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ವ್ಯಾಪಾರಗಳನ್ನು ಕನ್ನಡಿಗರಿಗೆ ತಿಳಿಯಹೇಳಿದ ವೈದ್ಯರು. ತ್ರಿವೇಣಿ ವೈದ್ಯೆಯಲ್ಲ, ಮನಶ್ಶಾಸ್ತ್ರ ಓದಿದವರು. ‘ಶರಪಂಜರ’ದಲ್ಲಿ ಬಾಣಂತನದ ಚಿತ್ತವಿಕಲತೆಗೆ ತುತ್ತಾದ ಹೆಣ್ಣಿನ ಬಾಳನ್ನು ಚಿತ್ರಿಸಿದರು. ಆ ತ್ರಿವೇಣಿಯವರೇ ೧೯೬೩ರ ಜುಲೈಯಲ್ಲಿ, ಮಗಳನ್ನು ಹಡೆದ ಹತ್ತು ದಿನಗಳಲ್ಲಿ ತೀರಿಕೊಂಡದ್ದನ್ನು ಕನ್ನಡ ಓದುಗರು ಮರೆಯಲಾರರು. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಕಾದಂಬರಿಯ ಹೆಣ್ಣಿಗಾಗಲಿ ಬರೆದಾಕೆಗಾಗಲಿ ಬಾಣಂತನವೆಂಬುದು ಅಂಥ ಗಂಡಾಂತರವಾಗಿದ್ದ ಕಾಲದಲ್ಲಿ ಅನುಪಮಾ ಲೇಖನಿ ಹಿಡಿದರು. ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಆರೋಗ್ಯ ದರ್ಶನ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ‘ಕೇಳು ಕಿಶೋರಿ’ ಒಂದಾದಮೇಲೊಂದು ಬಂದವು. ಮುದ್ರಣದ ಮೇಲೆ ಮುದ್ರಣ ಕಂಡವು. ಅಮೆರಿಕದ ಬಾಸ್ಟನ್ ನಗರದಲ್ಲಿ ಕೆಲವು ಮಹಿಳೆಯರು ಕೂಡಿ, ತಮ್ಮ ಮೈಯ ವಿಷಯವನ್ನು ತಾವೇ ಅರಿಯಬೇಕೆಂದು ೧೯೭೦ರಲ್ಲಿ ಒಂದು ಅಗ್ಗದ ಪುಸ್ತಿಕೆಯನ್ನು ಅಚ್ಚು ಹಾಕಿಸಿದರು. ೧೯೭೩ರಲ್ಲಿ ದೊಡ್ಡ ಪ್ರಕಾಶಕರ ಕೈಗೆ ಬಂದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಅವರಲ್ಲಿ ಪ್ರತಿಭಟನೆಯ ಕಾವಿತ್ತು, ಗುಂಪಿನ ಬಲವಿತ್ತು. ಇಲ್ಲಿ ಒಬ್ಬ ವೈದ್ಯೆ ಸಂಸಾರ, ರೋಗಿಗಳು, ಕಾದಂಬರಿ ಇವುಗಳ ನಡುವೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದರು.

‘ಕೇಳು ಕಿಶೋರಿ’ ಎಂಬ ಹೆಸರನ್ನೇ ನೋಡಿ. ಕನ್ನಡದಲ್ಲಿ ಕೇಳು ಎಂಬುದಕ್ಕೆ ಎರಡರ್ಥ. ಹೇಳಿದ್ದನ್ನು ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ತಿಳಿಯದ್ದನ್ನು ಪ್ರಶ್ನಿಸುವುದೂ ಕೇಳುವುದೇ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊದಲನೆಯ ಅರ್ಥದ ಕೇಳುವಿಕೆಯನ್ನು ಮಾತ್ರ ಕಲಿಸಿ, ಎರಡನೆಯದಕ್ಕೆ ಬಂದೊಡನೆ ಸುಮ್ಮನಿರೆನ್ನುವುದು ವಾಡಿಕೆ. ಲೇಖಕಿ ಆ ಶ್ಲೇಷೆಯನ್ನು ಉದ್ದೇಶಿಸಿದ್ದರೋ ಇಲ್ಲವೋ, ಪುಸ್ತಕ ಎರಡೂ ಅರ್ಥದಲ್ಲಿ ಕೆಲಸ ಮಾಡಿತು. ಏಕವಚನದ ಆ ಕರೆಯಲ್ಲಿ ಹಿರಿಯಕ್ಕನ ಸಲುಗೆಯಿದೆ, ವೈದ್ಯೆಯ ಗತ್ತಿಲ್ಲ. ಶರೀರಶಾಸ್ತ್ರದ ಸಂಸ್ಕೃತಪದಗಳು ಬೇಕಾದಲ್ಲಿ ಬರುತ್ತವೆ. ಆದರೆ ಮುಟ್ಟು, ಬಸಿರು, ಹೆರಿಗೆ ಎಂಬ ಮನೆಮಾತುಗಳು ಅವುಗಳ ಮುಂದೆ ನಾಚಿ ಹಿಂದೆ ಸರಿಯುವುದಿಲ್ಲ. ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದ ಮಾತುಗಳಿಗೆ ಅಚ್ಚಿನ ಅಕ್ಷರದ ಗೌರವ ದೊರೆಯಿತು. ಸಾಹಿತ್ಯದ ಕೆಲಸ ಇದಲ್ಲದೆ ಮತ್ತೇನು?

ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಈ ಮಾತು ಹೊಸದಾಗಬೇಕಿರಲಿಲ್ಲ. ಬಸವಣ್ಣನವರು ಹುಟ್ಟಿದ ಸೀಮೆಯಿದು. ಹುಟ್ಟಿನ ಸೂತಕ, ಸಾವಿನ ಸೂತಕಗಳೊಡನೆ ಮುಟ್ಟಿನ ಸೂತಕವನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಆ ವಚನಗಳನ್ನು ಫ. ಗು. ಹಳಕಟ್ಟಿಯವರು ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು ಅಚ್ಚು ಹಾಕಿದ್ದು ಇದೇ ವಿಜಯಪುರದಲ್ಲಿ. ವಚನಗಳನ್ನು ಕಂಠಪಾಠ ಮಾಡಿದ ಮನೆಗಳಲ್ಲಿಯೂ ಹುಡುಗಿಯರು ಮೂರು ದಿನ ಮೂಲೆ ಹಿಡಿದು ಕುಳಿತದ್ದನ್ನು ನಾನು ಕಂಡಿದ್ದೇನೆ; ಕುಳಿತೂ ಇದ್ದೇನೆ.

ಕಾದಂಬರಿಗಾರ್ತಿಯಾಗಿ ಅನುಪಮಾ ಅವರ ಸ್ಥಾನವನ್ನು ಕುರಿತು ಎರಡು ಮಾತು. ಬರಹದ ಮೊತ್ತ ದೊಡ್ಡದು. ಎಲ್ಲವೂ ಒಂದೇ ತೂಕದವಲ್ಲ. ರೋಗ ಕಂಡೊಡನೆ ಔಷಧ ಬರೆಯುವ ವೃತ್ತಿಯ ಆತುರ ಕೆಲವು ಕಥೆಗಳಲ್ಲಿ ಇಣುಕುತ್ತದೆ. ಪಾತ್ರ ತನ್ನ ಸಂಕಟವನ್ನು ಪೂರ್ತಿ ಬಾಳುವ ಮುನ್ನವೇ ಪರಿಹಾರ ಬಂದುಬಿಡುತ್ತದೆ. ನವ್ಯದ ವಿಮರ್ಶಕರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಂಗಸರ ಬರವಣಿಗೆಯನ್ನೆಲ್ಲ ಅಡುಗೆಮನೆಯ ಸಾಹಿತ್ಯವೆಂದು ಬದಿಗಿಡುತ್ತಿದ್ದ ಕಾಲವದು. ಆದರೂ ‘ಋಣಮುಕ್ತಳು’ ಜನಮನವನ್ನು ಹಿಡಿಯಿತು. ಪುಟ್ಟಣ್ಣ ಕಣಗಾಲರು ೧೯೮೪ರಲ್ಲಿ ಅದನ್ನು ಚಲಚ್ಚಿತ್ರವಾಗಿಸಿದರು.

ನನಗೆ ಬಹುವಾಗಿ ಮೆಚ್ಚಿಗೆಯಾದದ್ದು ‘ಮಾಧವಿ’. ಮಹಾಭಾರತದ ಈ ಉಪಾಖ್ಯಾನವನ್ನು ವಾಚಕರು ಬಲ್ಲರು. ಗುರುದಕ್ಷಿಣೆಯಾಗಿ ಎಂಟುನೂರು ಕುದುರೆಗಳನ್ನು, ಮೈಯೆಲ್ಲ ಬಿಳುಪು ಒಂದು ಕಿವಿ ಮಾತ್ರ ಕಪ್ಪಾದ ಕುದುರೆಗಳನ್ನು, ತರಬೇಕಾಗಿದ್ದ ಗಾಲವನಿಗೆ ಯಯಾತಿ ತನ್ನ ಮಗಳನ್ನು ದಾನ ಕೊಡುತ್ತಾನೆ. ಗಾಲವ ಆಕೆಯನ್ನು ಮೂವರು ಅರಸರಿಗೆ ಒಬ್ಬರಾದಮೇಲೊಬ್ಬರಂತೆ ಒಪ್ಪಿಸುತ್ತಾನೆ. ಒಂದು ಗಂಡುಕೂಸಿಗೆ ಇನ್ನೂರು ಕುದುರೆ. ಉಳಿದ ಇನ್ನೂರಕ್ಕೆ ಬದಲಾಗಿ ಗುರು ವಿಶ್ವಾಮಿತ್ರನೇ ಆಕೆಯನ್ನು ಸ್ವೀಕರಿಸುತ್ತಾನೆ. ಪ್ರತಿ ಹೆರಿಗೆಯ ಬಳಿಕ ಮಾಧವಿ ಮತ್ತೆ ಕನ್ಯೆಯಾಗುವಳೆಂದು ಪುರಾಣ ವರ ಕೊಟ್ಟು ಕೈತೊಳೆದುಕೊಂಡಿದೆ. ಹೆರಿಗೆ ಮಾಡಿಸಿದ ಕೈಗೆ ಆ ವರ ಸುಳ್ಳೆಂದು ತಿಳಿಯದೆ? ಹೆತ್ತ ಮೈ ಹೆರದ ಮೈಯಾಗಲಾರದು. ಹಾಲು ತುಂಬಿದ ಎದೆಯಿಂದ ಕೂಸನ್ನು ಕಿತ್ತುಕೊಂಡರೆ ಎದೆ ನೋಯುತ್ತದೆ, ಮನಸ್ಸೂ ನೋಯುತ್ತದೆ. ಮಾಧವಿಯ ಕಥೆಯನ್ನು ಕನ್ನಡದಲ್ಲಿ ಮರಳಿ ಹೇಳಲು ವೈದ್ಯೆಯೊಬ್ಬರೇ ಮುಂದಾದದ್ದು ಆಕಸ್ಮಿಕವಲ್ಲವೆಂದು ನಾನು ತಿಳಿಯುತ್ತೇನೆ. ‘ತಾಯಿ–ಮಗು’ವನ್ನೂ ‘ಮಾಧವಿ’ಯನ್ನೂ ಬೇರೆ ಬೇರೆ ಕಪಾಟುಗಳಲ್ಲಿ ಇಡುವ ಗ್ರಂಥಪಾಲಕರ ಮೇಲೆ ನನಗೆ ತಕರಾರಿಲ್ಲ. ಓದುವವರು ಮಾತ್ರ ಎರಡನ್ನೂ ಒಟ್ಟಿಗೆ ಓದಬೇಕು.

ಮಕ್ಕಳಿಗಾಗಿ ಅವರು ಮಾಡಿದ ‘ದಿನಕ್ಕೊಂದು ಕಥೆ’, ತಿಂಗಳಿಗೊಂದರಂತೆ ಹನ್ನೆರಡು ಸಂಪುಟ, ಎಷ್ಟೋ ಮನೆಗಳಲ್ಲಿ ರಾತ್ರಿಯೂಟದ ನಂತರದ ಪಾರಾಯಣವಾಗಿತ್ತು. ಎಪ್ಪತ್ತರ ದಶಕದಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಮನೆಯ ಭಾರವೂ ಶುಶ್ರೂಷೆಯೂ ಅನುಪಮಾ ಅವರ ಹೆಗಲಿಗೆ ಬಂದವು. ಅಂಥ ಸ್ಥಿತಿಯಲ್ಲಿಯೂ ನಿರಂಜನರು ೧೯೭೬ರಲ್ಲಿ ‘ಮೃತ್ಯುಂಜಯ’ವನ್ನು ಕೊಟ್ಟರು, ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು. ಅವುಗಳನ್ನು ಹೊಗಳುವಾಗ ಆ ಮನೆಯಲ್ಲಿದ್ದ ವೈದ್ಯೆಯನ್ನು ಎಷ್ಟು ಜನ ನೆನೆಯುತ್ತಾರೆ? ಆಕೆಯಾದರೂ ಈ ನಡುವೆ ತಮ್ಮ ಬರವಣಿಗೆಯನ್ನು ಬಿಡಲಿಲ್ಲ. ಬಾಳಿನ ಕಥೆಯನ್ನು ‘ನೆನಪು: ಸಿಹಿ–ಕಹಿ’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಕೊನೆಗೆ ಕ್ಯಾನ್ಸರ್ ಅವರ ಮೈಯನ್ನು ಹೊಕ್ಕಿತು. ೧೯೯೧ರ ಫೆಬ್ರವರಿ ೧೫ರಂದು ತೀರಿಕೊಂಡಾಗ ಅವರಿಗೆ ಐವತ್ತಾರು. ಮುಂದಿನ ವರ್ಷ ನಿರಂಜನರೂ ಹೋದರು. ಹೆಣ್ಣುಮಕ್ಕಳಿಬ್ಬರೂ, ತೇಜಸ್ವಿನಿ ಮತ್ತು ಸೀಮಂತಿನಿ, ವಿದ್ವತ್ತಿನಲ್ಲಿ ಹೆಸರು ಮಾಡಿದರು. ಕರ್ನಾಟಕ ಲೇಖಕಿಯರ ಸಂಘವು ಅನುಪಮಾ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತ ಬಂದಿದೆ.

ಈಗ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಸಂಬಳದ ಹಣದಲ್ಲಿ ‘ಕೇಳು ಕಿಶೋರಿ’ಯ ಒಂದು ಪ್ರತಿ ಕೊಂಡು ತಂದು ಒಂಬತ್ತನೆಯ ಇಯತ್ತೆಯ ಹುಡುಗಿಯರ ಕೈಗಿತ್ತೆ. ಎರಡು ವಾರದಲ್ಲಿ ಒಬ್ಬ ಪಾಲಕರು ಅದನ್ನು ಹಿಡಿದುಕೊಂಡು ಬಂದರು. ಸಿಟ್ಟಿನಿಂದ ಬಂದವರಲ್ಲ, ಸೌಜನ್ಯದಿಂದಲೇ, ನೀವೂ ಹೆಣ್ಣುಮಕ್ಕಳು, ನಿಮಗೆ ನಾನೇನು ಹೇಳಲಿ ಎಂಬ ಧಾಟಿಯಲ್ಲಿ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಎದುರಾಡುತ್ತಿದ್ದೆನೇನೋ. ನಾನು ಆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಕ್ಕನನ್ನು ಕಳೆದುಕೊಂಡ ನಾನು, ವಾಚನಾಲಯದಲ್ಲಿ ಕಣ್ಣೀರಿಟ್ಟ ನಾನು, ಬೀಗದ ಕೈಯನ್ನು ಪರ್ಸಿನಲ್ಲಿಟ್ಟುಕೊಂಡು ಎರಡು ವರ್ಷ ಓಡಾಡಿದೆ.

ಮೂರನೆಯ ವರ್ಷ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ, ಕೋಣೆಗೆ ಕರೆದೊಯ್ದು ಕೇಳಿದಾಗ ತಿಳಿಯಿತು: ಮೂರು ದಿನಗಳಿಂದ ರಕ್ತ ಹೋಗುತ್ತಿದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅನ್ನ ಮುಟ್ಟಿಲ್ಲ, ತಾನು ಸಾಯುವೆನೆಂದು ಲೆಕ್ಕ ಹಾಕಿಕೊಂಡಿದ್ದಾಳೆ. ತಾಯಿಯಿಲ್ಲದ ಮಗು. ನಾನು ಹೇಳುವಷ್ಟು ಹೇಳಿದೆ. ನನ್ನ ಬಾಯಿಯಲ್ಲಿ ಮಾತು ತಡವರಿಸಿತು. ಸಾಕಷ್ಟು ಹೇಳಿದೆನೆಂಬ ಧೈರ್ಯ ಬರಲಿಲ್ಲ. ಕೊನೆಗೆ ಎದ್ದು ಹೋಗಿ ಕಪಾಟು ತೆರೆದೆ.

ಅಂದಿನಿಂದ ಆ ಪುಸ್ತಕ ಬೀಗದೊಳಗೆ ಹೋಗಲಿಲ್ಲ. ಹುಡುಗಿಯರು ಅದಕ್ಕೆ ಹಳೆಯ ದಿನಪತ್ರಿಕೆಯ ಹೊದಿಕೆ ಹಾಕಿ, ಮೇಲೆ ಭೂಗೋಲ ಎಂದು ಬರೆದರು. ಆ ಹೊದಿಕೆ ಹರಿದಾಗಲೆಲ್ಲ ಯಾರೋ ಹೊಸದನ್ನು ಹಾಕುತ್ತಿದ್ದರು. ಹೆಸರು ಮಾತ್ರ ಭೂಗೋಲವೇ. ನಾನು ವಿಜಯಪುರಕ್ಕೆ ವರ್ಗವಾಗಿ ಬರುವ ವರ್ಷ ಗ್ರಂಥಾಲಯದ ಲೆಕ್ಕ ಒಪ್ಪಿಸುವಾಗ ಅದೊಂದು ಪ್ರತಿ ಸಿಗಲಿಲ್ಲ. ಯಾರೋ ಒಯ್ದವಳು ತಂದಿರಲಿಲ್ಲ. ಯಾರೆಂದು ವಿಚಾರಿಸದೆ, ಅದರ ಬೆಲೆಯನ್ನು ನನ್ನ ಹೆಸರಿಗೆ ಬರೆಸಿ ರಸೀದಿ ಪಡೆದೆ.